ಡಿಸ್ಕ್ ತುಂಬಿದೆ, ಫೈಲು ಕಾಣುತ್ತಿಲ್ಲ

ಪ್ರಶ್ನೆ: ಉಬುಂಟು ಲ್ಯಾಪ್‌ಟಾಪಿನ ಹೋಮ್ ಫೋಲ್ಡರಿನಲ್ಲಿ ‘ಡಿಯು -ಎಸ್ -ಎಚ್ *’ (ಫೈಲು, ಫೋಲ್ಡರುಗಳ ಗಾತ್ರ ತೋರಿಸುವ ಆಜ್ಞೆ) ಕೊಟ್ಟು ಅಂಕಿಗಳನ್ನು ಕೂಡಿದರೆ 40 ಜಿಬಿ ದಾಟುವುದಿಲ್ಲ. ಡಿಸ್ಕಿನ ಬಳಕೆ ತೋರಿಸುವ ‘ಡಿಎಫ್ -ಎಚ್’ ಮಾತ್ರ 110 ಜಿಬಿ ಬಳಕೆಯಾಗಿದೆ ಅನ್ನುತ್ತದೆ. ಉಳಿದದ್ದು ಎಲ್ಲಿ ಹೋಯಿತು?
– ಓದುಗರು, ಹಿಂಜವಡಿ, ಪುಣೆ

ಉತ್ತರ: ಮೊದಲ ಅನುಮಾನ ಆ ನಕ್ಷತ್ರದ ಮೇಲೆ. ಅದನ್ನು ಫೈಲ್ ಹೆಸರುಗಳಾಗಿ ಬಿಡಿಸುವುದು ಶೆಲ್, ಅಂದರೆ ನಾವು ಟೈಪ್ ಮಾಡಿದ ಆಜ್ಞೆ ಓದಿ ನಡೆಸುವ ಪ್ರೋಗ್ರಾಮ್. ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನು ಅದು ಬಿಟ್ಟುಬಿಡುತ್ತದೆ; .ಕ್ಯಾಶ್, .ಲೋಕಲ್ ಲೆಕ್ಕಕ್ಕೇ ಬಂದಿಲ್ಲ. ನಕ್ಷತ್ರ ತೆಗೆದು ಹೀಗೆ ಕೊಡಿ (ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ):

ಡಿಯು -ಎ -ಎಚ್ -ಡಿ 1 | ಸಾರ್ಟ್ -ಎಚ್

‘-ಎ’ ಇದ್ದರೆ ಬಿಡಿ ಫೈಲುಗಳೂ ಬರುತ್ತವೆ, ‘-ಡಿ 1’ ಒಂದೇ ಹಂತಕ್ಕೆ ನಿಲ್ಲಿಸುತ್ತದೆ. ದೊಡ್ಡವು ಕೆಳಗೆ, ಕೊನೆಯ ಸಾಲಿನ ಒಂಟಿ ಚುಕ್ಕಿ ಒಟ್ಟು ಮೊತ್ತ. ‘.*’ ಹಾಕುವ ಆಸೆ ಬೇಡ. ಹಳೆಯ ಬ್ಯಾಷ್‌ನಲ್ಲಿ (ಉಬುಂಟುವಿನ ಶೆಲ್) ಅದು ‘..’ ಅನ್ನೂ ಹಿಡಿದು ಮೇಲಿನ ಫೋಲ್ಡರನ್ನೆಲ್ಲ ಎಣಿಸುತ್ತದೆ.

.ಕ್ಯಾಶ್ ಒಳಗಿನದನ್ನು ಬ್ರೌಸರ್ ಮುಚ್ಚಿ ಅಳಿಸಬಹುದು. ಕಸದ ಬುಟ್ಟಿಗೆ ಹಾಕಿದ ಫೈಲುಗಳು .ಲೋಕಲ್/ಶೇರ್/ಟ್ರ್ಯಾಶ್‌ನಲ್ಲಿ ಹಾಗೇ ಕೂತಿರುತ್ತವೆ. .ಕಾನ್ಫಿಗ್ ಮುಟ್ಟಬೇಡಿ, ಸೆಟ್ಟಿಂಗ್‌ಗಳೆಲ್ಲ ಹೋಗುತ್ತವೆ.

ಇನ್ನೊಂದು, ಡಿಎಫ್ ಹೇಳುವುದು ಇಡೀ ಪಾರ್ಟಿಷನ್ನಿನ (ಡಿಸ್ಕಿನ ಒಂದು ವಿಭಾಗ) ಲೆಕ್ಕ, ಸಿಸ್ಟಮ್ ಫೈಲುಗಳೂ ಸೇರಿ. ‘ಸುಡೊ ಡಿಯು -ಎಕ್ಸ್ -ಎಚ್ -ಡಿ 1 /’ ಕೊಟ್ಟು ಹೋಲಿಸಿ (‘ಸುಡೊ’ ಅಂದರೆ ಅಡ್ಮಿನ್ ಅಧಿಕಾರದಲ್ಲಿ ನಡೆಸು ಎಂದು). ‘-ಎಕ್ಸ್’ ಬೇರೆ ಡಿಸ್ಕಿಗೆ ಹೋಗದಂತೆ ತಡೆಯುತ್ತದೆ. ಆಗಲೂ ತಾಳೆಯಾಗದಿದ್ದರೆ, ಅಳಿಸಿದ ಫೈಲನ್ನು ಯಾವುದೋ ಪ್ರೋಗ್ರಾಮ್ ಇನ್ನೂ ತೆರೆದಿಟ್ಟುಕೊಂಡಿರಬಹುದು. ‘ಸುಡೊ ಎಲ್‌ಎಸ್‌ಒಎಫ್ +ಎಲ್1’ ಅದರ ಹೆಸರು ತೋರಿಸುತ್ತದೆ (ಈ ಎರಡನೇ ಎಲ್ ಮಾತ್ರ ದೊಡ್ಡಕ್ಷರ). ಆ ಪ್ರೋಗ್ರಾಮ್ ನಿಲ್ಲಿಸಿದರೆ ಜಾಗ ಬಿಡುಗಡೆಯಾಗುತ್ತದೆ.