ಗುರಿ ಮಾತು: ಭಾವನ ಪಿಸ್ತೂಲು, ನಮ್ಮೂರ ಪಿಸ್ತೂಲು

ಶೂಟಿಂಗ್ ಕಲಿಯುವವರ ಪ್ರಶ್ನೆಗಳಿಗೆ ದಾವಣಗೆರೆಯ ತರಬೇತುದಾರರೊಬ್ಬರ ಉತ್ತರ

ಪ್ರಶ್ನೆ: ನಮ್ಮ ಭಾವ ಅಮೆರಿಕದಲ್ಲಿದ್ದಾರೆ. ಅವರ ಹತ್ತಿರ ಸಿಝಡ್ ಶ್ಯಾಡೋ 2 ಅನ್ನುವ ದೊಡ್ಡ ಪಿಸ್ತೂಲಿದೆ. ಟಾರ್ಗೆಟ್ ಹೊಡೆಯೋಕೆ ಅದನ್ನ ಮೀರಿಸಿದ್ದು ಇಲ್ಲ ಅಂತಾರೆ. ಅಲ್ಲಿಗೆ ಹೋದಾಗ ನಾನೂ ರೇಂಜ್‌ನಲ್ಲಿ ಹೊಡೆದೆ, ಬಹಳ ಇಷ್ಟವಾಯ್ತು. ಇಲ್ಲಿ ಅಂಥದ್ದೇ ತಗೊಂಡು ಅಭ್ಯಾಸ ಮಾಡಬಹುದಾ?
– ವಿದ್ಯಾನಗರ, ದಾವಣಗೆರೆ

ನಿಮ್ಮ ಭಾವ ಹೇಳಿದ್ದು ಸುಳ್ಳಲ್ಲ. ಆ ಪಿಸ್ತೂಲು ಇಟ್ಟುಕೊಂಡವರು ಸಾಮಾನ್ಯವಾಗಿ ಹೇಳುವ ಮಾತೇ ಇದು. ಜೆಕ್ ದೇಶದ ಕಂಪನಿ ತನ್ನ ಹಳೇ ಸಿಝಡ್ 75ರ ವಂಶದಲ್ಲೇ 2016ರಲ್ಲಿ ತಂದ ಮಾದರಿ. ಪೂರ್ತಿ ಉಕ್ಕು. ಗುಂಡು ತುಂಬದೇನೇ ಸುಮಾರು 1.3 ಕಿಲೋ. ಪ್ಲಾಸ್ಟಿಕ್ ಬಾಡಿಯ ಗ್ಲಾಕ್ 17 ಇದರ ಅರ್ಧದ ಆಸುಪಾಸು ತೂಗುತ್ತದೆ. ಈ ತೂಕವೇ ಶ್ಯಾಡೋದ ಬಲ. ಗುಂಡು ಹಾರಿದಾಗ ಮೂತಿ ಜಾಸ್ತಿ ಮೇಲೇಳುವುದಿಲ್ಲ, ಎದ್ದರೂ ಬೇಗ ಕೆಳಗಿಳಿಯುತ್ತದೆ. ಮೊದಲ ಗುಂಡಾದ ಮೇಲೆ ಟ್ರಿಗರ್ ಹಗುರ, ಎಳೆತವೂ ಗಿಡ್ಡ. ನಿಮಗೆ ಇಷ್ಟವಾಗಿದ್ದು ಇವೆರಡೇ ಇರಬೇಕು.

ಇಟ್ಟುಕೊಂಡವರು ದೂರುವುದೂ ಇದೆ. ಸ್ಲೈಡ್, ಅಂದರೆ ಹಿಂದೆ ಮುಂದೆ ಜಾರುವ ಮೇಲಿನ ಭಾಗ, ಫ್ರೇಮಿನ ಒಳಗೆ ಕೂರುತ್ತದೆ. ಹಿಡಿದು ಹಿಂದಕ್ಕೆ ಎಳೆಯೋಕೆ ಬೆರಳಿಗೆ ಸಿಗುವ ಜಾಗ ಕಡಿಮೆ. ಕೈ ಬೆವರಿದ್ದರೆ ಇನ್ನೂ ಕಷ್ಟ. ಸಣ್ಣ ಕೈಯವರಿಗೆ ಮೊದಲ ಎಳೆತಕ್ಕೆ ಟ್ರಿಗರ್ ದೂರ ಅನ್ನಿಸುತ್ತದೆ. ದಿನವಿಡೀ ಹೊತ್ತು ತಿರುಗಿದರೆ ಸೊಂಟಕ್ಕೆ ಗೊತ್ತಾಗುತ್ತದೆ.

ಆದರೆ ಈ ಹೊಗಳಿಕೆ ಯಾವ ಆಟಕ್ಕೆ ಅಂತ ಕೇಳಿಕೊಳ್ಳಬೇಕು. ಶ್ಯಾಡೋ 2 ಹುಟ್ಟಿದ್ದು ಓಡುತ್ತಾ, ಎರಡೂ ಕೈಯಲ್ಲಿ ಹಿಡಿದು, ಸಾಲುಸಾಲು ಗುರಿಗಳನ್ನು ಗಡಿಯಾರದ ವಿರುದ್ಧ ಹೊಡೆಯುವ ಸ್ಪರ್ಧೆಗೆ. ಒಲಿಂಪಿಕ್ಸ್‌ನಲ್ಲಿ ನೋಡುತ್ತೇವಲ್ಲ, ಆ ಪಿಸ್ತೂಲ್ ಆಟ ಬೇರೆ. ಅಲ್ಲಿ ನಿಂತಲ್ಲೇ ನಿಲ್ಲಬೇಕು, ಒಂದೇ ಕೈಯಲ್ಲಿ ಹಿಡಿಯಬೇಕು.

ಇನ್ನು ಕಾನೂನು. ಅದು 9 ಮಿ.ಮೀ. ಗುಂಡಿನ ಪಿಸ್ತೂಲು. ನಮ್ಮ ದೇಶದಲ್ಲಿ ಆ ಅಳತೆ ನಿಷೇಧಿತ ವರ್ಗದಲ್ಲಿದೆ. ಅದರ ಅಧಿಕಾರ ಕೇಂದ್ರ ಗೃಹ ಇಲಾಖೆಯದ್ದು, ನಮ್ಮ ಡಿಸಿ ಕಚೇರಿಯದ್ದಲ್ಲ. ನಿಮಗೂ ನನಗೂ ಅದು ಸಿಗುವುದಿಲ್ಲ ಅಂತಲೇ ತಿಳಿಯಿರಿ. ಭಾವ ಬರುವಾಗ ತರಲಿ ಅನ್ನುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡಿ. ಅದು ಜೈಲಿನ ದಾರಿ. ಡಿಸಿ ಕಚೇರಿಯಿಂದ ಸಿಗುವ ಲೈಸೆನ್ಸ್ ಪಾಯಿಂಟ್ 32, ಪಾಯಿಂಟ್ 22 ಇಂಥ ಗುಂಡಿನ ಅಳತೆಗಳಿಗೆ. 21 ವರ್ಷ ತುಂಬಿರಬೇಕು, ಪೊಲೀಸ್ ವಿಚಾರಣೆ ಆಗಬೇಕು, ಚುನಾವಣೆ ಬಂದಾಗ ಠಾಣೆಯಲ್ಲಿ ಇಡಿ ಅನ್ನುತ್ತಾರೆ. ಪಾಯಿಂಟ್ 32 ರಿವಾಲ್ವರ್ ಸ್ವರಕ್ಷಣೆಗೆ ಮಾಡಿದ್ದು. ಸೈಟ್ (ಗುರಿ ಹೊಂದಿಸಿಕೊಳ್ಳುವ ಗುರುತು) ಚಿಕ್ಕದು, ಟ್ರಿಗರ್ ಬಿಗಿ. ಅದರಲ್ಲಿ ಗುರಿ ಕಲಿಯೋಕೆ ಹೋಗಬೇಡಿ, ಸುಮ್ನೆ ದುಡ್ಡು ಹಾಳು.

ನಾನು ಹೇಳುವುದು 10 ಮೀಟರ್ ಏರ್ ಪಿಸ್ತೂಲು, ಅಂದರೆ ಗಾಳಿಯ ಒತ್ತಡದಿಂದ 10 ಮೀಟರ್ ದೂರದ ಗುರಿಗೆ ಹೊಡೆಯುವಂಥದ್ದು. 4.5 ಮಿ.ಮೀ. ಪೆಲೆಟ್ (ಸೀಸದ ಸಣ್ಣ ಗುಂಡು), 20 ಜೂಲ್ ಒಳಗಿನ ಶಕ್ತಿ, ಹಾಗಾಗಿ ಲೈಸೆನ್ಸ್ ಬೇಡ. ಗುರುತಿನ ಚೀಟಿ ಕೊಟ್ಟು, ಬಿಲ್ ಪಡೆದು ತಗೊಳ್ಳಿ. ಆಟಿಕೆ ಅಂತ ಮೂಗು ಮುರಿಯಬೇಡಿ. ನಮ್ಮ ಕರ್ನಾಟಕದ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ ಗೆದ್ದದ್ದು ಇದರಲ್ಲೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್‌ಗೆ ಎರಡು ಕಂಚು ಬಂದದ್ದೂ ಇದರಲ್ಲೇ.

ಭಾವನ ಪಿಸ್ತೂಲಿನಲ್ಲಿ ನಿಮಗೆ ಹಿಡಿಸಿದ ಎರಡೂ ಗುಣ ಇದರಲ್ಲಿವೆ. ಸ್ಪರ್ಧೆಯ ಏರ್ ಪಿಸ್ತೂಲು ಒಂದು ಕಿಲೋ ಆಸುಪಾಸು ಇರುತ್ತದೆ. ನಿಯಮದ ಪ್ರಕಾರ 1.5 ಕಿಲೋ ಮೀರಬಾರದು. ಟ್ರಿಗರ್ ಎಳೆತ 500 ಗ್ರಾಂಗಿಂತ ಕಡಿಮೆ ಇರಬಾರದು. ಪಂದ್ಯಕ್ಕೆ ಮುಂಚೆ ಪಿಸ್ತೂಲಿನ ಮೂತಿ ಮೇಲೆ ಮಾಡಿ, ಟ್ರಿಗರಿಗೆ 500 ಗ್ರಾಂ ತೂಕ ಸಿಕ್ಕಿಸಿ, ಮೆಲ್ಲಗೆ ಮೇಲೆತ್ತುತ್ತಾರೆ. ತೂಕ ಎದ್ದರೂ ಟ್ರಿಗರ್ ಬಿಡಬಾರದು, ಅಂದರೆ ಹೊಡೆತ ಆಗಬಾರದು. ಬಿಟ್ಟರೆ ಆ ಪಿಸ್ತೂಲು ಒಳಗೆ ಹೋಗುವ ಹಾಗಿಲ್ಲ. ಅಷ್ಟು ಹಗುರವಾದ ಟ್ರಿಗರ್ ಮೇಲೆ ಒಮ್ಮೆ ಬೆರಳಿಟ್ಟು ನೋಡಿ. ಮೊದಲು ಒಂದಿಷ್ಟು ಸಡಿಲ ದೂರ ಬರುತ್ತದೆ, ಆಮೇಲೆ ಒಂದು ತಡೆ, ಆ ತಡೆಯ ಮೇಲೆ ಕೂದಲೆಳೆಯಷ್ಟು ಒತ್ತಡ ಹಾಕುತ್ತಾ ಹೋದರೆ ಗೊತ್ತಿಲ್ಲದ ಹಾಗೆ ಬಿಡುತ್ತದೆ. ಇದು ಬೆರಳಿಗೆ ಅಭ್ಯಾಸ ಆದವರಿಗೆ ಮುಂದೆ ಯಾವ ಪಿಸ್ತೂಲು ಕೊಟ್ಟರೂ ನಡೆಯುತ್ತದೆ.

ಪ್ರಶ್ನೆ: ಒಂದು ವರ್ಷದಿಂದ ಕ್ಲಬ್ ಪಿಸ್ತೂಲಿನಲ್ಲಿ ಹೊಡೆಯುತ್ತಿದ್ದೇನೆ. ಈಗ ಸ್ವಂತದ್ದು ತಗೋಬೇಕು. ಸ್ಟೇಯರ್, ಮೊರಿನಿ, ಪಾರ್ದಿನಿ – ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಯಾವುದು ಒಳ್ಳೇದು?
– ಬ್ಯಾಂಕ್ ನೌಕರ, ಚಿತ್ರದುರ್ಗ

ಮೂರೂ ಒಲಿಂಪಿಕ್ಸ್ ಮಟ್ಟದ ಹೆಸರುಗಳೇ. ನನಗೆ ಪರಿಚಯ ಇರುವವರು ಹೇಳಿದ್ದನ್ನು ಹಾಗೇ ಕೊಡುತ್ತೇನೆ. ಆಸ್ಟ್ರಿಯಾದ ಸ್ಟೇಯರ್ ಎಲ್‌ಪಿ 10 ಇರುವ ಚನ್ನಗಿರಿಯ ಅಡಿಕೆ ಬೆಳೆಗಾರರೊಬ್ಬರು, ಹೊಡೆದಾಗ ಕೈಗೆ ಏನೂ ತಗುಲುವುದೇ ಇಲ್ಲ ಅನ್ನುತ್ತಾರೆ. ಒಳಗೆ ಓಡಾಡುವ ಒಂದು ಸಣ್ಣ ತೂಕ ಒದೆತವನ್ನು ನುಂಗಿಹಾಕುತ್ತದೆ. ಸ್ವಿಟ್ಜರ್‌ಲೆಂಡಿನ ಮೊರಿನಿಯ ಎಲೆಕ್ಟ್ರಾನಿಕ್ ಟ್ರಿಗರ್ ಇಟ್ಟುಕೊಂಡ ಕಾಲೇಜು ಹುಡುಗಿ, ಪ್ರತಿ ಸಲವೂ ಒಂದೇ ಥರ ಬಿಡುತ್ತೆ ಸರ್, ಬೆರಳಿಗೆ ಅನುಮಾನವೇ ಬರಲ್ಲ ಅಂದಳು. ಬ್ಯಾಟರಿ ಕಡೆ ಮಾತ್ರ ಗಮನ ಇರಬೇಕು. ಇಟಲಿಯ ಪಾರ್ದಿನಿ ಇರುವವರು ಹೊಗಳುವುದು ಅದು ಕೈಯಲ್ಲಿ ಕೂರುವ ರೀತಿಯನ್ನು.

ಗಮನಿಸಿ, ಮೂವರೂ ಹೇಳಿದ್ದು ತಮ್ಮ ಕೈ ಬಗ್ಗೆ. ಇದೇ ನನ್ನ ಅಭಿಪ್ರಾಯ ಕೂಡ. ಪಿಸ್ತೂಲಿಗಿಂತ ಮೊದಲು ಗ್ರಿಪ್, ಅಂದರೆ ಹಿಡಿ ನೋಡಿ. ಗ್ರಿಪ್ ಸಣ್ಣದು, ಮಧ್ಯಮ, ದೊಡ್ಡದು ಅಂತ ಬರುತ್ತದೆ. ಬಲಗೈ, ಎಡಗೈ ಬೇರೆ ಬೇರೆ. ಕಣ್ಣು ಮುಚ್ಚಿ ಪಿಸ್ತೂಲು ಎತ್ತಿ, ತೋಳು ಚಾಚಿ, ಆಮೇಲೆ ಕಣ್ಣು ಬಿಡಿ. ಫ್ರಂಟ್ ಸೈಟ್ (ಮುಂದಿನದು) ರಿಯರ್ ಸೈಟಿನ (ಹಿಂದಿನದರ) ಕಚ್ಚಿನ ನಡುವೆ ತಾನಾಗೇ ನಿಂತಿದ್ದರೆ ಅದು ನಿಮ್ಮದು. ಮಣಿಕಟ್ಟು ತಿರುಗಿಸಿ ಸರಿಮಾಡಬೇಕಾದರೆ ಗ್ರಿಪ್ ತಿದ್ದಬೇಕು.

ತಿದ್ದೋಕೆ ಹೆದರಬೇಡಿ. ಮರದ ಗ್ರಿಪ್ ಇರುವುದೇ ಅದಕ್ಕೆ. ಒತ್ತುವ ಕಡೆ ಮರಳು ಕಾಗದದಲ್ಲಿ ಉಜ್ಜಿ. ಸಂದು ಇರುವ ಕಡೆ ಎಂ-ಸೀಲ್ ಮೆತ್ತಿ, ಅದು ಹಸಿ ಇರುವಾಗಲೇ ಕೈಗೆ ತೆಳು ಪ್ಲಾಸ್ಟಿಕ್ ಸುತ್ತಿ ಹಿಡಿಯಿರಿ. ನಿಮ್ಮ ಅಂಗೈ ಅಚ್ಚು ಬೀಳುತ್ತದೆ. ಒಂದು ದಿನ ಒಣಗಿಸಿ ಮತ್ತೆ ಉಜ್ಜಿ. ಅಂಗೈ ಕೆಳಗಿನ ಪಟ್ಟಿ ಮೇಲಕ್ಕೆ ಬಾಗಿ ಕೈಯನ್ನು ಅಪ್ಪಿಕೊಳ್ಳುವ ಹಾಗೆ ಮಾಡಬೇಡಿ, ನಿಯಮ ಒಪ್ಪುವುದಿಲ್ಲ. ಇಡೀ ಪಿಸ್ತೂಲು 42 ಸೆಂ.ಮೀ. ಉದ್ದ, 20 ಎತ್ತರ, 5 ಅಗಲದ ಪೆಟ್ಟಿಗೆಯಲ್ಲಿ ಹಿಡಿಸಬೇಕು ಅನ್ನುವುದೂ ನೆನಪಿರಲಿ.

ಇನ್ನೊಂದು, ರಿಪೇರಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲು ಅರ್ಹತಾ ಸುತ್ತಿನ ಮಧ್ಯೆ ಕೈಕೊಟ್ಟು, ಅಮೂಲ್ಯ ಸಮಯ ಹೋಯಿತು. ಅಷ್ಟು ದೊಡ್ಡವರಿಗೇ ಹೀಗಾಗುತ್ತದೆ. ಬಿಡಿಭಾಗ ಬೆಂಗಳೂರಿನ ತನಕವಾದರೂ ಸಿಗುತ್ತಾ ಅಂತ ಕೇಳಿಯೇ ದುಡ್ಡು ಕೊಡಿ.

ಪ್ರಶ್ನೆ: ಏರ್ ಪಿಸ್ತೂಲಿನ ಸಿಲಿಂಡರ್‌ಗೆ ಗಾಳಿ ತುಂಬಿಸೋದೇ ತಲೆನೋವು. ಪಂಕ್ಚರ್ ಅಂಗಡಿಯಲ್ಲಿ ಆಗಲ್ಲ ಅಂತಾರೆ. ಪರಿಚಯದವರ ವೆಲ್ಡಿಂಗ್ ಶಾಪ್‌ನಲ್ಲಿ ಆಕ್ಸಿಜನ್ ಸಿಲಿಂಡರ್ ಇದೆ. ಅದರಿಂದ ತುಂಬಿಸಬಹುದಾ?
– ಹರಿಹರ

ಬೇಡ. ದಯವಿಟ್ಟು ಬೇಡ. ಈ ಪ್ರಶ್ನೆ ಓದಿ ನನಗೆ ಎದೆ ಧಸಕ್ಕೆಂದಿತು. ಪಿಸ್ತೂಲಿನ ಒಳಗೆ ಎಣ್ಣೆ, ಗ್ರೀಸು ಇರುತ್ತದೆ. ಒತ್ತಡದ ಆಕ್ಸಿಜನ್ ಅದಕ್ಕೆ ತಾಗಿದರೆ ಬೆಂಕಿ ಕಡ್ಡಿ ಬೇಕಿಲ್ಲ, ತಾನೇ ಹೊತ್ತಿ ಸಿಡಿಯಬಹುದು. ಅದೂ ನಿಮ್ಮ ಮುಖದ ಮುಂದೆ. ಈ ಮಾತನ್ನು ವೆಲ್ಡಿಂಗ್ ಶಾಪಿನವರಿಗೂ ಹೇಳಿ.

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೊಡುವುದು ಹತ್ತು ಬಾರ್ (ಒತ್ತಡದ ಅಳತೆ) ಆಸುಪಾಸು. ನಿಮಗೆ ಬೇಕಿರುವುದು 200 ಬಾರ್. ಇದಕ್ಕೆ ಅಂತಲೇ ಸಿಗುವ ಹೈ ಪ್ರೆಷರ್ ಕೈಪಂಪ್ ತಗೊಳ್ಳಿ. ತೋಳು ನೋಯುತ್ತದೆ, ಆದರೆ ಸುರಕ್ಷಿತ. ಸ್ವಲ್ಪ ಹೊಡೆದು, ಪಂಪ್ ತಣ್ಣಗಾಗಲು ಬಿಟ್ಟು, ಮತ್ತೆ ಹೊಡೆಯಿರಿ. ಗಾಳಿಯ ತೇವ ಒಳಗೆ ಹೋದರೆ ತುಕ್ಕು ಹಿಡಿಯುತ್ತದೆ. ಮೂರ್ನಾಲ್ಕು ಜನ ಸೇರಿ ಡೈವಿಂಗ್ ಮಾಡುವವರು ಬಳಸುವ ದೊಡ್ಡ ಟ್ಯಾಂಕ್ ಇಟ್ಟುಕೊಂಡರೆ ಇನ್ನೂ ಒಳ್ಳೇದು. ಸಿಲಿಂಡರ್ ಮೇಲೆ ತಯಾರಾದ ದಿನ ಇರುತ್ತದೆ. ಸಾಮಾನ್ಯವಾಗಿ ಹತ್ತು ವರ್ಷ ಅದರ ಆಯಸ್ಸು. ಸೆಕೆಂಡ್ ಹ್ಯಾಂಡ್ ಪಿಸ್ತೂಲು ನೋಡುವಾಗ ಮೊದಲು ಇದನ್ನೇ ಓದಿ. ಏಪ್ರಿಲ್ ಬಿಸಿಲಲ್ಲಿ ಕಾರಿನೊಳಗೆ ಬಿಡಬೇಡಿ.

ಪ್ರಶ್ನೆ: ನನಗೆ 48 ವರ್ಷ. ಗುರಿ ಚೆನ್ನಾಗಿ ಕಾಣುತ್ತೆ, ಪಿಸ್ತೂಲಿನ ಸೈಟ್ ಮಾತ್ರ ಮಂಜು ಮಂಜು. ಈ ವಯಸ್ಸಲ್ಲಿ ಬಿಟ್ಟುಬಿಡಲಾ?
– ಶಿಕ್ಷಕರು, ಹೊಸದುರ್ಗ

ಯಾಕೆ ಬಿಡ್ತೀರಿ? ಪ್ಯಾರಿಸ್‌ನಲ್ಲಿ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ಡಿಕೆಚ್‌ಗೆ ಆಗ 51 ವರ್ಷ.

ನಿಮ್ಮದು ಚಾಳೀಸು, ಅಷ್ಟೇ. ಗುರಿ ಮಂಜಾದರೆ ನಷ್ಟ ಇಲ್ಲ. ಸೈಟ್ ಮಂಜಾದರೆ ನಷ್ಟ. ಲೆಕ್ಕ ನೋಡಿ. ಏರ್ ಪಿಸ್ತೂಲಿನ ಎರಡು ಸೈಟ್ ನಡುವೆ ಸುಮಾರು 33 ಸೆಂ.ಮೀ. ಇದೆ ಅಂತಿಟ್ಟುಕೊಳ್ಳಿ. ಫ್ರಂಟ್ ಸೈಟ್ ಒಂದೇ ಒಂದು ಮಿ.ಮೀ. ಪಕ್ಕಕ್ಕೆ ಸರಿದರೆ 10 ಮೀಟರ್ ದೂರದಲ್ಲಿ ಪೆಲೆಟ್ 3 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಹತ್ತು ಅಂಕ ಬೀಳಬೇಕಾದ್ದು ಏಳಾಗುತ್ತದೆ. ಅದೇ ಸೈಟ್‌ಗಳು ಸರಿಯಾಗಿದ್ದು, ಇಡೀ ಕೈ ಒಂದು ಮಿ.ಮೀ. ಪಕ್ಕಕ್ಕೆ ಜರುಗಿದರೆ ಗುರಿಯಲ್ಲೂ ಒಂದೇ ಮಿ.ಮೀ. ವ್ಯತ್ಯಾಸ. ಹತ್ತರ ವೃತ್ತವೇ 11.5 ಮಿ.ಮೀ. ಅಗಲ ಇದೆ, ಆ ಒಂದು ಮಿ.ಮೀ. ಅಲ್ಲೇ ಕರಗಿಹೋಗುತ್ತದೆ. ಕೈ ಅಲ್ಲಾಡುತ್ತೆ ಅಂತ ಕೊರಗುವವರಿಗೂ ಇದೇ ಉತ್ತರ.

ಹಾಗಾಗಿ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ, ಚಾಚಿದ ಕೈ ತುದಿಯ ದೂರಕ್ಕೆ ಸ್ಪಷ್ಟ ಕಾಣುವ ಗಾಜು ಬೇಕು ಅನ್ನಿ. ಓದುವ ಕನ್ನಡಕದ ನಂಬರ್ ಇದಕ್ಕೆ ಆಗಲ್ಲ. ದೂರ ಅಳೆದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಕಪ್ಪು ವೃತ್ತದ ಮೇಲೇ ಗುರಿ ಇಡಬೇಡಿ, ಅದರ ಕೆಳಗಿನ ಬಿಳಿ ಜಾಗದಲ್ಲಿ ಇಡಿ. ಕಪ್ಪು ಸೈಟ್ ಬಿಳಿಯ ಮೇಲೆ ಎದ್ದು ಕಾಣುತ್ತದೆ.

ಪ್ರಶ್ನೆ: ಮಗಳಿಗೆ 13 ವರ್ಷ. ಮನೆಯಲ್ಲೇ ಅಭ್ಯಾಸಕ್ಕೆ ಜಾಗ ಮಾಡಿಕೊಡಬಹುದಾ? ಎಷ್ಟು ಹೊತ್ತು ಹೊಡೆಯಬೇಕು?
– ಚಳ್ಳಕೆರೆ

ಆಗುತ್ತದೆ. 10 ಮೀಟರ್ ಅಂದರೆ ಉದ್ದದ ಪಡಸಾಲೆ ಸಾಕು. ಗುರಿಯ ಹಿಂದೆ ಗಟ್ಟಿ ಗೋಡೆ, ಗೋಡೆಗೆ ಮುಂಚೆ ಪೆಲೆಟ್ ಹಿಡಿಯುವ ಉಕ್ಕಿನ ಪೆಟ್ಟಿಗೆ ಇರಲಿ. ಗುರಿಯ ನಡುಭಾಗ ನೆಲದಿಂದ 1.4 ಮೀಟರ್ ಎತ್ತರಕ್ಕೆ ಬರಲಿ. ಗುರಿಯ ಕಡೆಗೆ ಬಾಗಿಲು ತೆರೆಯುವ ಜಾಗ ಬೇಡವೇ ಬೇಡ. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಸಿ. ದೊಡ್ಡವರು ಯಾರಾದರೂ ಪಕ್ಕದಲ್ಲಿರಲಿ, ಆಟ ಮುಗಿದ ಮೇಲೆ ಪಿಸ್ತೂಲು ಬೀಗದೊಳಗೆ ಹೋಗಲಿ.

ಮೊದಮೊದಲು ಪೆಲೆಟ್ ಹಾಕದೇ ಅಭ್ಯಾಸ ಮಾಡಿಸಿ. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಅದಕ್ಕೆ ಅಂತಲೇ ವ್ಯವಸ್ಥೆ ಇದೆ, ಗಾಳಿ ಖರ್ಚಾಗಲ್ಲ. ಖಾಲಿ ಬಿಳಿ ಗೋಡೆಗೆ ಹಿಡಿದು, ಟ್ರಿಗರ್ ಬಿಡುವ ಕ್ಷಣದಲ್ಲಿ ಫ್ರಂಟ್ ಸೈಟ್ ಎತ್ತ ಜಿಗಿಯಿತು ಅಂತ ಅವಳೇ ಹೇಳಲಿ. ಪಂದ್ಯದಲ್ಲಿ 75 ನಿಮಿಷಕ್ಕೆ 60 ಹೊಡೆತ ಇರುತ್ತದೆ. ಈಗಲೇ ಅಷ್ಟು ಬೇಡ. ತೋಳು ನಡುಗಲು ಶುರುವಾದರೆ ಅವತ್ತಿಗೆ ನಿಲ್ಲಿಸಿ. ಪೆಲೆಟ್ ಸೀಸದ್ದು. ಬಾಯಿಗೆ ಬೆರಳು ಹೋಗದಂತೆ ನೋಡಿಕೊಳ್ಳಿ, ಮುಗಿದ ತಕ್ಷಣ ಸೋಪು ಹಚ್ಚಿ ಕೈ ತೊಳೆಸಿ, ಆಮೇಲೇ ತಿಂಡಿ ಕೊಡಿ.