ರೇಟ್ ಕೇಳಿದವರಿಗೆ ರೇಟ್ ಹೇಳಿ ಮಾರಾಯ್ರೆ

ಈ ವಾರದ ಪತ್ರ ಓದಿ ಅರ್ಧ ಚಾ ಹಾಗೇ ಬಿಟ್ಟು ಎದ್ದೆ. ಮಲ್ಪೆ ಹತ್ತಿರದ ಒಬ್ಬರು ಬರ್ದದ್ದು, ಮೂರೂವರೆ ಪುಟ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಮೂರು ವರ್ಷದಿಂದ ಒಂದು ಸಿಮ್ಯುಲೇಟರ್ ಮಾಡ್ತಾ ಇದ್ದಾರೆ, ಮೀನುಗಾರಿಕೆ ಬೋಟನ್ನು ಅಳಿವೆ, ಅಂದ್ರೆ ನದಿ ಸಮುದ್ರ ಸೇರುವ ಬಾಯಿ, ದಾಟಿಸ್ಲಿಕ್ಕೆ ಕಂಪ್ಯೂಟರಲ್ಲೇ ಕಲಿಸುವಂಥದ್ದು. ಇಳಿತದ ನೀರು ಹೊರಗೆ ನುಗ್ಗುವಾಗ ಎದುರಿಂದ ತೆರೆ ಬಂದ್ರೆ ಹೂಳು ತುಂಬಿದಲ್ಲಿ ಅದು ಹೇಗೆ ಎದ್ದು ಮುರೀತದೆ, ಹಿಂದಿನಿಂದ ಹೊಡೆದ್ರೆ ಬೋಟು ಹೇಗೆ ಅಡ್ಡ ತಿರುಗ್ತದೆ, ಎಲ್ಲ ಸ್ಕ್ರೀನಲ್ಲಿ ಬರ್ತದಂತೆ. ಈಗ ದುಡ್ಡು ಮುಗಿದಿದೆ. ಬೆಂಗಳೂರಿನ ಒಬ್ಬ ಇನ್ವೆಸ್ಟರ್ 40 ಲಕ್ಷ ಕೊಡ್ತೇನೆ, 30 ಪರ್ಸೆಂಟ್ ಷೇರು ಕೊಡಿ, ಅಳಿವೆ ಬಿಟ್ಟು ಕಾರ್ ಡ್ರೈವಿಂಗ್ ಕಲಿಸುವುದು ಮಾಡಿ ಅಂತಾರೆ. ಕೆನಡಾದ ಭಾವ ಕಿಕ್‌ಸ್ಟಾರ್ಟರ್ ಅನ್ನುವ ವೆಬ್‌ಸೈಟಲ್ಲಿ ಹಾಕುವ, ಕ್ರೌಡ್‌ಫಂಡಿಂಗ್ ಮಾಡುವ, ಅಂದ್ರೆ ತುಂಬ ಜನರಿಂದ ಸ್ವಲ್ಪ ಸ್ವಲ್ಪ ದುಡ್ಡೆತ್ತುವ ಅಂತಾರೆ. ಯಾವುದು ಸರಿ ಅಂತ ಪ್ರಶ್ನೆ.

ಎರಡೂ ಅಲ್ಲ. ಪತ್ರದ ಕೊನೆಗೆ "ಅಂದ ಹಾಗೆ" ಅಂತ ಒಂದು ಸಾಲು ಬರ್ದಿದ್ದೀರಲ್ಲ, ಬಂದರಿನಲ್ಲಿ ಇಬ್ಬರು ಬೋಟ್ ಮಾಲೀಕರು ಲ್ಯಾಪ್‌ಟಾಪಲ್ಲಿ ನೋಡಿ "ನಮ್ಮ ಹುಡುಗರಿಗೆ ಕಲಿಸ್ಲಿಕ್ಕೆ ಎಷ್ಟಾಗ್ತದೆ" ಅಂತ ಕೇಳಿದ್ರು, ನಾನು ಇನ್ನೂ ಪೂರ್ತಿ ಆಗಿಲ್ಲ ಅಂತ ಹೇಳಿ ಬಂದೆ ಅಂತ. ಮೂರೂವರೆ ಪುಟದಲ್ಲಿ ಓದುವಂಥದ್ದು ಅದೊಂದೇ ಸಾಲು. ಬೋಟ್ ಮಾಲೀಕರು ಸುಮ್ನೆ ರೇಟ್ ಕೇಳುವ ಜನ ಅಲ್ಲ, ಡೀಸೆಲ್, ಐಸು, ಬಲೆ ಅಂತ ಪ್ರತಿ ಟ್ರಿಪ್ಪಿಗೂ ಲೆಕ್ಕ ಹಾಕಿ ತಲೆ ಬಿಸಿ ಮಾಡ್ಕೊಂಡವ್ರು, ಅವರೇ ಬಾಯಿ ಬಿಟ್ಟು ಎಷ್ಟು ಅಂದಾಗ ನೀವು ಓಡಿ ಬಂದದ್ದಾ?

ಭಾವನ ವಿಷಯ. ಕಿಕ್‌ಸ್ಟಾರ್ಟರಲ್ಲಿ ಭಾರತದಿಂದ ಪ್ರಾಜೆಕ್ಟ್ ಹಾಕ್ಲಿಕ್ಕೆ ಬಿಡುವುದಿಲ್ಲ, ಅದಕ್ಕೇ ಅವರ ಹೆಸರಲ್ಲಿ ಹಾಕುವ ಅಂತ ಹೇಳ್ತಿರುವುದು. ದುಡ್ಡು ಅವರ ಅಕೌಂಟಿಗೆ, ಟ್ಯಾಕ್ಸ್ ಅವರಿಗೆ, ಜನರಿಗೆ ಕೊಟ್ಟ ಮಾತೂ ಅವರ ಹೆಸರಲ್ಲಿ, ರಾತ್ರಿ ನಿದ್ದೆ ಬಿಡುವವರು ಮಾತ್ರ ನೀವು. ಹೇಳಿದ ಗುರಿ ಮುಟ್ಟದಿದ್ರೆ ಒಂದು ಪೈಸೆ ಬರುವುದಿಲ್ಲ, ಮುಟ್ಟಿದ್ರೆ 5 ಪರ್ಸೆಂಟ್ ಕಿಕ್‌ಸ್ಟಾರ್ಟರಿನವರದ್ದು, ಮೇಲೆ ಪೇಮೆಂಟ್ ಚಾರ್ಜು. ಮತ್ತೆ ಅಲ್ಲಿ ದುಡ್ಡು ಹಾಕುವವರಿಗೆ ಬೇಕಾದದ್ದು ಆಟ. ಟೊರಾಂಟೋದಲ್ಲಿ ಕೂತವನಿಗೆ ಗಂಗೊಳ್ಳಿ ಅಳಿವೆ ಎಂತಕ್ಕೆ? ಅವನಿಗೋಸ್ಕರ ಸೂರ್ಯಾಸ್ತ, ಡಾಲ್ಫಿನ್ ಎಲ್ಲ ಹಾಕ್ತಾ ಕೂರ್ಬೇಕು. ಸ್ಟಾರ್ ಸಿಟಿಜನ್ ಅಂತ ಒಂದು ಬಾಹ್ಯಾಕಾಶದ ಗೇಮ್ ಉಂಟಲ್ಲ, 2012ರಲ್ಲಿ ಹೀಗೇ ಜನರಿಂದ ದುಡ್ಡೆತ್ತಿದ್ದು, 2014ಕ್ಕೆ ಕೊಡ್ತೇವೆ ಅಂದಿದ್ರು, ಪೂರ್ತಿ ಆದದ್ದು ಇನ್ನೂ ಬಂದಿಲ್ಲ. ನೆಂಟರ ಹೆಸರಲ್ಲಿ ವ್ಯವಹಾರ ಬೇಡ ಅಂತ ನಾನು ಈ ಅಂಕಣದಲ್ಲಿ ಎಷ್ಟು ಸರ್ತಿ ಗಂಟಲು ಹರ್ಕೊಂಡಿದ್ದೇನೋ, ಹಳೇ ಓದುಗರಿಗೆ ಗೊತ್ತುಂಟು.

ಇನ್ವೆಸ್ಟರ್ ಮೇಲೆ ನನಗೆ ಸಿಟ್ಟಿಲ್ಲ. ಅವರು ಹಾಕಿದ ದುಡ್ಡು ಕೆಲವು ವರ್ಷದಲ್ಲಿ ಹತ್ತು ಪಟ್ಟು ಆಗ್ಬೇಕು, ಅಳಿವೆ ದಾಟುವ ಬೋಟಿನಲ್ಲಿ ಅದು ಹುಟ್ಟುವುದಿಲ್ಲ, ಅದಕ್ಕೆ ಕಾರು ಅಂತಾರೆ. ಅವರ ಲೆಕ್ಕ ಅವರಿಗೆ ಸರಿ.

ಕನಿಕರ ಕೇಳಿದ್ರೆ ಅದು ನಿಮ್ಮ ಹೆಂಡತಿಗೆ. "ಸ್ವಲ್ಪ ಚಿನ್ನ ಸೊಸೈಟಿಯಲ್ಲಿ ಉಂಟು" ಅಂತ ಅರ್ಧ ಸಾಲಿನಲ್ಲಿ ಮುಗಿಸಿದ್ರಿ. ಅಡವಿಟ್ಟದ್ದು ಅಂತ ಬರೀಲಿಕ್ಕೂ ನಾಚಿಕೆಯಾ?

ಪೂರ್ತಿ ಆಗಿಲ್ಲ ಅಂತ ಹೆದರ್ಬೇಡಿ. ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಅಂತ ರಾಕೆಟ್ ಹಾರಿಸುವ ಸಿಮ್ಯುಲೇಟರ್, 2011ರಲ್ಲಿ ಅರ್ಧಂಬರ್ಧ ಇರುವಾಗಲೇ ಹೊರಗೆ ಬಿಟ್ರು, ಮಾರ್ತಾ ಮಾರ್ತಾನೇ ಸರಿ ಮಾಡಿದ್ದು, ಪೂರ್ತಿ ಆದ 1.0 ಬಂದದ್ದು 2015ಕ್ಕೆ. ಆದ್ರೆ ಅವರದ್ದು ಆಟ, ನಿಮ್ಮದ್ರಲ್ಲಿ ತಪ್ಪು ಕಲಿತವನು ನಿಜವಾದ ನೀರಿಗೆ ಹೋಗ್ತಾನೆ. ಹಾಗಾಗಿ ಬೋಟು ನಡೆಸಿದ ಒಬ್ಬ ಹಳೇ ತಾಂಡೇಲರನ್ನು ಪಕ್ಕದಲ್ಲಿ ಕೂರಿಸ್ಕೊಳ್ಳಿ, ಈ ತೆರೆ ಹೀಗೆ ಬರುವುದಿಲ್ಲ ಅಂತ ಅವರು ಹೇಳಿದ್ರೆ ಬಾಯಿ ಮುಚ್ಚಿ ಬರ್ಕೊಳ್ಳಿ, ಅವರಿಗೆ ದಿನದ ಸಂಬಳ ಕೊಡಿ.

ಇನ್ನು ಮೂರು ವಾರಕ್ಕೆ ಜೂನ್ 1. ಜುಲೈ 31ರವರೆಗೆ 61 ದಿನ ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟೆಲ್ಲ ದಡದಲ್ಲಿ. ಹೊರಗಿನ ಹುಡುಗರು ಊರಿಗೆ ಹೋಗಿರ್ತಾರೆ, ಆದ್ರೆ ಮಾಲೀಕರು ಬಲೆ ರಿಪೇರಿ, ಪೇಂಟು ಅಂತ ಬಂದರಿನಲ್ಲೇ ಇರ್ತಾರೆ, ಊರಿನ ಹುಡುಗರೂ ಸಿಗ್ತಾರೆ. ಸೋಮವಾರ ಬೆಳಿಗ್ಗೆ ಆ ಇಬ್ಬರ ಹತ್ರ ಹೋಗಿ. ಒಂದು ಹಾಳೆಯಲ್ಲಿ ಒಂದೇ ಅಳಿವೆ, ಇಷ್ಟು ಹುಡುಗರು, 61 ದಿನ, ಇಷ್ಟು ರೂಪಾಯಿ, ಅರ್ಧ ಅಡ್ವಾನ್ಸ್ ಅಂತ ಬರ್ಕೊಂಡು ಹೋಗಿ, ಏನೇನು ಇನ್ನೂ ಆಗಿಲ್ಲ ಅಂತಲೂ ಅದರ ಕೆಳಗೇ ಬರೀರಿ. ಹೊಸ ಕಂಪನಿಗಳಿಗೆ ಕರ್ನಾಟಕ ಸರ್ಕಾರದ ಎಲಿವೇಟ್ ಅಂತ ಯೋಜನೆ ಉಂಟು, 50 ಲಕ್ಷದವರೆಗೆ ಷೇರು ಕೇಳದೆ ಕೊಡ್ತಾರೆ, ಅಲ್ಲಿಗೆ ಅರ್ಜಿ ಹಾಕುವುದಾದ್ರೂ ದುಡ್ಡು ಕೊಟ್ಟ ಗಿರಾಕಿಯ ಕಾಗದ ಕೈಯಲ್ಲಿಟ್ಕೊಂಡು ಹಾಕಿ.

ರೇಟ್ ಎಷ್ಟು ಹೇಳಿದ್ರಿ ಅಂತ ನನಗೆ ಬರೀರಿ. ಭಾವ ಎಂತ ಹೇಳಿದ್ರು ಅಂತ ಬರೀಲಿಕ್ಕೆ ಇಲ್ಲ.