ಮಲ್ಲಿಗೆ ಗಿಡ ಕಡಿಸಿಬಿಡಲೇ, ಡಾಕ್ಟ್ರೇ?

ಓದುಗರ ಪ್ರಶ್ನೆಗೆ ಮನೋವೈದ್ಯರ ಉತ್ತರ

ಪ್ರಶ್ನೆ: ನನಗೆ 66 ವರ್ಷ. ಮನೆ ಶಂಕರಪುರದ ಹತ್ತಿರ. ಉಡುಪಿ–ಮಂಗಳೂರು ರೂಟಿನಲ್ಲಿ 31 ವರ್ಷ ಬಸ್ ಓಡಿಸಿದವನು. ಮನೆಯವಳು ತೀರಿಕೊಂಡು 11 ತಿಂಗಳಾಯಿತು. ನಮ್ಮಲ್ಲಿ 40 ಮಲ್ಲಿಗೆ ಗಿಡ ಇವೆ. ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಕೊಡುವುದು ಅವಳ ಕೆಲಸ. ಮಗಳ ಕಾಲೇಜು ಫೀಸು ಕಟ್ಟಿದ್ದು ಆ ದುಡ್ಡಿನಲ್ಲೇ. ಎಷ್ಟೋ ದಿನ ಅವಳು ಕಟ್ಟಿದ ಹೂವು ನನ್ನ ಬಸ್ಸಿನಲ್ಲೇ ಮಂಗಳೂರಿಗೆ ಹೋಗುತ್ತಿತ್ತು. ಈಗ ಕೊಯ್ಯುವವರಿಲ್ಲ. ಮೊಗ್ಗು ಗಿಡದಲ್ಲೇ ಅರಳುತ್ತದೆ. ರಾತ್ರಿ ಏಳೂವರೆ ಆಯಿತೆಂದರೆ ನಾನು ಕಿಟಕಿ ಮುಚ್ಚಿ ಕೂರುತ್ತೇನೆ. ಹೋದ ತಿಂಗಳು ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸೊಬ್ಬರು ತಲೆಗೆ ಎಣ್ಣೆ ಹಚ್ಚಿ ಮಲ್ಲಿಗೆ ಮುಡಿದಿದ್ದರು. ನನಗೆ ಎದೆ ಹಿಡಿದ ಹಾಗಾಯಿತು. ಪಡುಬಿದ್ರಿಗೆ ಟಿಕೆಟ್ ತೆಗೆದವನು ಕಾಪುವಿನಲ್ಲೇ ಇಳಿದೆ. ಇನ್ನೊಂದು ಮಾತು, ಇದನ್ನು ಯಾರಿಗೂ ಹೇಳಿಲ್ಲ. ಮಳೆಗಾಲದಲ್ಲಿ ಗಿಡದಲ್ಲಿ ಒಂದು ಹೂವೂ ಇಲ್ಲದಾಗ, ರಾತ್ರಿ ಕೋಣೆಯಲ್ಲಿ ಅದೇ ಪರಿಮಳ ಬಂದದ್ದುಂಟು. ನನ್ನ ತಲೆ ಕೆಟ್ಟಿದೆಯಾ? ಅವಳ ಒಂದು ಸೀರೆ ಒಗೆಯದೆ ಇಟ್ಟಿದ್ದೇನೆ. ಅದರ ಪರಿಮಳವೂ ಹೋಗುತ್ತಾ ಬಂತು. ಮಗಳು ‘ಗಿಡ ಎಲ್ಲ ಕಡಿಸಿ ಬೆಂಗಳೂರಿಗೆ ಬನ್ನಿ ಅಪ್ಪಾ’ ಅಂತಾಳೆ. ಕಡಿಸಿಬಿಡಲೇ?

ಉತ್ತರ: ಕಡಿಸಬೇಡಿ. ಈಗ ಬೇಡ. ಮುಂದೆ ಒಂದು ದಿನ ನಿಮಗೇ ಬೇಡ ಅನ್ನಿಸಿದರೆ ಆಗ ನೋಡೋಣ. ಹೆದರಿಕೊಂಡು ಕಡಿಸುವುದು ಬೇರೆ, ಸಾಕು ಅಂತ ಕಡಿಸುವುದು ಬೇರೆ.

ಮೊದಲು ಒಂದು ಸಣ್ಣ ಕೆಲಸ ಮಾಡಿ. ಎದೆ ಹಿಡಿದ ಹಾಗಾಯಿತು ಅಂದಿರಲ್ಲ, ಈ ವಾರವೇ ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ದುಃಖದಿಂದಲೂ ಎದೆ ಬಿಗಿಯುತ್ತದೆ, ನಿಜ. ಆದರೆ ಸಂಗಾತಿ ಹೋದ ಮೇಲಿನ ದಿನಗಳಲ್ಲಿ ಹೃದಯಕ್ಕೂ ಅಪಾಯ ಸ್ವಲ್ಪ ಜಾಸ್ತಿ. 66ರ ವಯಸ್ಸಿನಲ್ಲಿ ‘ಬೇಜಾರಿಗೆ ಆಗಿರಬೇಕು’ ಅಂತ ಬಿಟ್ಟುಬಿಡುವುದು ಸರಿಯಲ್ಲ.

ಇನ್ನು ಪರಿಮಳದ ವಿಷಯ. ನೀವು ಬಸ್ ಓಡಿಸಿದವರು, ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ. ಕಣ್ಣು ನೋಡಿದ್ದು, ಕಿವಿ ಕೇಳಿದ್ದು ಮಿದುಳಿನಲ್ಲಿ ಮೊದಲು ಥಲಾಮಸ್ ಅನ್ನುವ ಬಸ್‌ಸ್ಟ್ಯಾಂಡಿಗೆ ಹೋಗುತ್ತದೆ. ಅಲ್ಲಿಂದ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೊರಡುತ್ತದೆ. ಮೂಗಿನದು ಹಾಗಲ್ಲ, ಅದು ಎಕ್ಸ್‌ಪ್ರೆಸ್. ಮೂಗಿನ ಮೇಲ್ಭಾಗದ ನರಗಳು ಜರಡಿಯ ಹಾಗೆ ತೂತಿರುವ ಒಂದು ತೆಳು ಮೂಳೆಯ ಮೂಲಕ ಸೀದಾ ಮಿದುಳಿಗೆ ಹೋಗುತ್ತವೆ. ಅಲ್ಲಿಂದ ಭಯ, ಪ್ರೀತಿ, ಸಂಕಟ ಎಲ್ಲ ಏಳುವ ಅಮಿಗ್ಡಲಾ ಒಂದೇ ಹೆಜ್ಜೆ. ನೆನಪು ಕೂಡಿಡುವ ಹಿಪ್ಪೊಕ್ಯಾಂಪಸ್ ಕೂಡ ಪಕ್ಕದಲ್ಲೇ. ಹಾಗಾಗಿ ‘ಇದು ಮಲ್ಲಿಗೆ’ ಅಂತ ಹೆಸರು ಹೊಳೆಯುವ ಮೊದಲೇ ಕಣ್ಣು ತುಂಬಿರುತ್ತದೆ. ಫೋಟೋ ನೋಡುವಾಗ ಮನಸ್ಸನ್ನು ಸ್ವಲ್ಪ ಗಟ್ಟಿ ಮಾಡಿಕೊಳ್ಳಬಹುದು. ಪರಿಮಳ ಅಷ್ಟು ಸಮಯ ಕೊಡುವುದಿಲ್ಲ. ಕಾಪುವಿನಲ್ಲಿ ನೀವು ಇಳಿದದ್ದು ಮನಸ್ಸು ದುರ್ಬಲ ಅಂತಲ್ಲ.

ನಿಮ್ಮ ಕಾಗದದಲ್ಲಿ ನಾನು ಎರಡು ಸಲ ಓದಿದ ಸಾಲೊಂದಿದೆ. ಮನೆಯಲ್ಲಿ 40 ಗಿಡ ಅರಳಿದರೆ ಕಿಟಕಿ ಮುಚ್ಚಿ ಹೇಗೋ ಇರುತ್ತೀರಿ. ಬಸ್ಸಿನಲ್ಲಿ ಒಂದು ಮೊಳ ಹೂವು ನಿಮ್ಮನ್ನು ಕೆಳಗಿಳಿಸಿತು. ಯಾಕೆ? ‘ತಲೆಗೆ ಎಣ್ಣೆ ಹಚ್ಚಿ’ ಅಂತ ನೀವೇ ಬರೆದಿದ್ದೀರಿ ನೋಡಿ, ಉತ್ತರ ಅಲ್ಲೇ ಇದೆ. ಮನುಷ್ಯರ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ಇವುಗಳ ಹಿಂದಿರುವ ಜೀನ್‌ಗಳನ್ನು 1991ರಲ್ಲಿ ಪತ್ತೆ ಮಾಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಂತು. ಒಂದೊಂದು ವಾಸನೆಗೂ ಇವುಗಳಲ್ಲಿ ಬೇರೆ ಬೇರೆ ಗುಂಪು ಎಚ್ಚರವಾಗುತ್ತದೆ. ಹೂ ಕಟ್ಟಿದಾಗ ಮೊಗ್ಗು, ನಾರು, ಗಂಟು ಸೇರಿ ಚೆಂಡು ಆಗುತ್ತದಲ್ಲ, ಹಾಗೆ. ಗಿಡದ ಮಲ್ಲಿಗೆ ಬರೀ ಮಲ್ಲಿಗೆ. ಅದಕ್ಕೆ ತೆಂಗಿನೆಣ್ಣೆ, ಬೆವರು, ಬಸ್ಸಿನ ಶೆಕೆ ಸೇರಿದರೆ ಅದು ನಿಮ್ಮ ಮನೆಯವರು. ಮಿದುಳು ಆ ಇಡೀ ಕಟ್ಟನ್ನು ಗುರುತಿಸಿತು. ಮುಂದಿನ ಸೀಟಿನಲ್ಲಿ ಅವರೇ ಕೂತಿದ್ದಾರೆ ಅಂತ ಒಂದು ಗಳಿಗೆ ನಂಬಿತು. ಆಮೇಲೆ ಮುಖ ಬೇರೆಯಾಗಿತ್ತು. ನೀವು ಇಳಿದದ್ದು ಆ ಗಳಿಗೆಯಲ್ಲಿ.

ನನ್ನ ಅಮ್ಮನ ವಿಷಯ ಹೇಳಲೇಬೇಕು. ಅಪ್ಪ ಗೇರುಬೀಜದ ಕಾರ್ಖಾನೆಯಲ್ಲಿ ಬೀಜ ಹುರಿಯುವ ಕಡೆ ಇದ್ದವರು. ಆ ಸಿಪ್ಪೆ ಎಣ್ಣೆಯ ಸುಟ್ಟ ವಾಸನೆ ಎಷ್ಟು ಒಗೆದರೂ ಅವರ ಬೈರಾಸಿನಿಂದ ಹೋಗುತ್ತಿರಲಿಲ್ಲ. ಅಪ್ಪ ಹೋದ ಮೇಲೆ, ನಾವು ಮಂಗಳೂರು ಪೇಟೆಗೆ ಹೋಗುವ ದಾರಿಯಲ್ಲಿ ಆ ಕಾರ್ಖಾನೆ ಬಂದಾಗೆಲ್ಲ ಅಮ್ಮ ಸೆರಗನ್ನು ಮೂಗಿಗೆ ಒತ್ತಿ ಹಿಡಿಯುತ್ತಿದ್ದರು. ವಾಸನೆಗೆ ಅಸಹ್ಯ ಅಂತ ನಾನು ತಿಳಿದಿದ್ದೆ. ಎರಡೋ ಮೂರೋ ವರ್ಷ ಕಳೆದ ಮೇಲೆ ಒಂದು ದಿನ ನೋಡುತ್ತೇನೆ, ಅಮ್ಮ ನನ್ನನ್ನು ಈಚೆ ಸರಿಸಿ ಕಿಟಕಿ ಪಕ್ಕ ಕೂತರು. ಕಾರ್ಖಾನೆ ಬಂದಾಗ ಸೆರಗು ಮಡಿಲಲ್ಲೇ ಇತ್ತು. ಮುಖ ಹೊರಗೆ ಮಾಡಿದ್ದರು. ಅಮ್ಮನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೆ ಆ ಕಾರ್ಖಾನೆ ಅಲ್ಲೇ ಇತ್ತು, ಬಸ್ಸು ದಿನಾ ಅದೇ ದಾರಿಯಲ್ಲಿ ಹೋಗುತ್ತಿತ್ತು. ಗಿಡ ಕಡಿಸಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ಇನ್ನೊಂದು ಕಾರಣವೂ ಇದೆ. ಗಿಡ ಕಡಿಸಿದರೂ ಮಲ್ಲಿಗೆ ನಿಮ್ಮನ್ನು ಬಿಡುವುದಿಲ್ಲ. ಮದುವೆ, ಕೋಲ, ನಾಗನ ತಂಬಿಲ, ದೇವಸ್ಥಾನ, ಎಲ್ಲಿ ಹೋದರೂ ನಮ್ಮೂರಲ್ಲಿ ಅದೇ ಹೂವು. ಅದನ್ನು ತಪ್ಪಿಸಿಕೊಳ್ಳಲು ಹೊರಟರೆ ಮದುವೆಗೆ ಹೋಗುವುದು ನಿಲ್ಲುತ್ತದೆ, ಆಮೇಲೆ ಬಸ್ಸು ನಿಲ್ಲುತ್ತದೆ, ಆಮೇಲೆ ಮನೆಯೊಂದೇ ಉಳಿಯುತ್ತದೆ. ತಪ್ಪಿಸಿಕೊಂಡಷ್ಟೂ ಹೆದರಿಕೆ ಬೆಳೆಯುತ್ತದೆ.

ಹಾಗಂತ ನಾಳೆಯೇ ತೋಟದಲ್ಲಿ ಹೋಗಿ ಕೂತುಕೊಳ್ಳಿ ಅನ್ನುವುದಿಲ್ಲ. ಈ ಹೂವಿನ ಪರಿಮಳ ಏರುವುದೇ ಕತ್ತಲಾದ ಮೇಲೆ. ರಾತ್ರಿ ಹಾರುವ ಪತಂಗಗಳನ್ನು ಕರೆಯುವ ಹೂಗಳ ಗುಣ ಅದು. ಆ ಹೊತ್ತಿಗೆ ನೀವು ಒಬ್ಬರೇ ಇರುತ್ತೀರಿ, ಕೆಲಸವೂ ಇಲ್ಲ. ಅದಕ್ಕೆ ಬೆಳಿಗ್ಗೆಯಿಂದ ಶುರು ಮಾಡಿ. ಮೊಗ್ಗಿಗೆ ಪರಿಮಳ ಕಮ್ಮಿ, ಕೈಗೆ ಕೆಲಸ ಇರುತ್ತದೆ. ಐದು ಗಿಡ ಸಾಕು. ಉಳಿದದ್ದನ್ನು ನೆರೆಮನೆಯವರು ಕೊಯ್ದುಕೊಂಡು ಪಾಲು ಕೊಡಲಿ, ನಿಮ್ಮ ಕಡೆ ಅದು ಹೊಸತೇನೂ ಅಲ್ಲ. ಎರಡು ಮೂರು ವಾರ ಕಳೆದ ಮೇಲೆ ಸಂಜೆ ಯಾರಾದರೂ ಜೊತೆಗಿರುವಾಗ ಕಿಟಕಿ ತೆರೆಯಿರಿ. ಮೊದಲ ಅಲೆ ಜೋರಾಗಿಯೇ ಬರುತ್ತದೆ. ಆದರೆ ಮೂಗಿಗೆ ಒಂದು ಒಳ್ಳೆಯ ಗುಣ ಇದೆ. ಒಂದೇ ವಾಸನೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಅದಕ್ಕೆ ಒಗ್ಗಿ ಮಂಕಾಗುತ್ತದೆ. ಮಲ್ಪೆ ಬಂದರಿನಲ್ಲಿ ದಿನಾ ಕೆಲಸ ಮಾಡುವವರಿಗೆ ಮೀನಿನ ವಾಸನೆ ಗೊತ್ತೇ ಆಗುವುದಿಲ್ಲ, ಅಲ್ವಾ? ಮೊದಲ ನಿಮಿಷಕ್ಕೇ ಎದ್ದು ಹೋದರೆ ಅಲೆ ಇಳಿಯುವುದನ್ನು ನೋಡುವುದೇ ಇಲ್ಲ. ಹತ್ತು ನಿಮಿಷ ಕೂತು ನೋಡಿ. ಅಳು ಬಂದರೆ ಅಳಿ.

ಬಸ್ಸಿನಲ್ಲಿ ಮತ್ತೆ ಹಾಗಾದರೆ ಕಣ್ಣು ಮುಚ್ಚಬೇಡಿ. ಮುಂದಿನ ಸೀಟಿನ ಕಂಬಿ ಹಿಡಿಯಿರಿ, ಅದರ ತಣ್ಣಗಿನ ಕಬ್ಬಿಣ ಕೈಗೆ ಗೊತ್ತಾಗಲಿ. ಉಸಿರನ್ನು ಮೆಲ್ಲಗೆ, ಉದ್ದಕ್ಕೆ ಹೊರಗೆ ಬಿಡಿ. ಹೊರಗೆ ಯಾವ ಸ್ಟಾಪ್ ಬಂತು ನೋಡಿ. ಆ ದಾರಿಯ ಸ್ಟಾಪುಗಳೆಲ್ಲ ನಿಮಗೆ ಬಾಯಿಪಾಠ. ಸ್ಕೂಟರಿನಲ್ಲಿ ಹೋಗುವಾಗ ಆದರೆ ಮಾತ್ರ ಕೂಡಲೇ ಪಕ್ಕಕ್ಕೆ ನಿಲ್ಲಿಸಿ.

ಹೂವೇ ಇಲ್ಲದಾಗ ಬಂದ ಪರಿಮಳದ ಬಗ್ಗೆ ತುಂಬಾ ಸಂಕೋಚದಿಂದ ಬರೆದಿದ್ದೀರಿ. ನಿಮ್ಮ ತಲೆ ಕೆಟ್ಟಿಲ್ಲ. ಡೀವಿ ರೀಸ್ ಅನ್ನುವ ವೈದ್ಯರು ಬ್ರಿಟನ್ನಿನ ವೇಲ್ಸ್‌ನಲ್ಲಿ ಸಂಗಾತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿ 1971ರಲ್ಲಿ ಒಂದು ಲೇಖನ ಬರೆದರು. ಅವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಹೋದವರು ಹತ್ತಿರವೇ ಇದ್ದ ಹಾಗೆ ಅನ್ನಿಸಿತ್ತು. ಕೆಲವರಿಗೆ ಕಂಡಿದ್ದರು, ಕೆಲವರಿಗೆ ದನಿ ಕೇಳಿತ್ತು. ಹೆಚ್ಚಿನವರು ಅದನ್ನು ಯಾರಿಗೂ ಹೇಳಿರಲಿಲ್ಲ, ನಿಮ್ಮ ಹಾಗೆಯೇ. ಎಷ್ಟೋ ಜನರಿಗೆ ಅದರಿಂದ ಸಮಾಧಾನವೇ ಆಗಿತ್ತು. ಆದರೆ ಬರುವುದು ಮಲ್ಲಿಗೆಯಲ್ಲದೆ ಸುಟ್ಟ ವಾಸನೆ, ಕೊಳೆತ ವಾಸನೆ ಆಗಿ, ಮತ್ತೆ ಮತ್ತೆ ಬಂದರೆ ತಡಮಾಡಬೇಡಿ. ಅದರ ಜೊತೆ ಸ್ವಲ್ಪ ಹೊತ್ತು ಎಚ್ಚರ ತಪ್ಪಿದ ಹಾಗಾದರೂ ಅಷ್ಟೇ. ಮೂಗಿನ ಡಾಕ್ಟರು, ನರರೋಗದ ಡಾಕ್ಟರು ನೋಡಬೇಕಾದ ವಿಷಯ ಅದು.

ಸೀರೆ. ಅದನ್ನು ನುಸಿಗುಳಿಗೆ ಇರುವ ಕಪಾಟಿನಲ್ಲಿ ಇಟ್ಟಿದ್ದರೆ ಇವತ್ತೇ ತೆಗೆಯಿರಿ, ಆ ಗುಳಿಗೆ ಎಲ್ಲ ಪರಿಮಳವನ್ನೂ ನುಂಗುತ್ತದೆ. ಚೆನ್ನಾಗಿ ಒಣಗಿದ ಬಿಸಿಲಿನ ದಿನ ನೋಡಿ, ದಪ್ಪ ಜಿಪ್ ಕವರಿನಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು ಮುಚ್ಚಿ. ಬಿಸಿಲಿಗೆ ಮಾತ್ರ ಹಾಕಬೇಡಿ. ತೇವ ಇರುವಾಗ ಮುಚ್ಚಿದರೆ ನಮ್ಮೂರ ಮಳೆಗೆ ಬೂಷ್ಟು ಹಿಡಿಯುತ್ತದೆ. ದಿನಾ ತೆರೆದು ಮೂಸಿದರೆ ಪರಿಮಳ ಬೇಗ ಹಾರುತ್ತದೆ, ಮನೆಯ ಗಾಳಿ ಅದರೊಳಗೆ ಸೇರುತ್ತದೆ. ವರ್ಷಕ್ಕೆ ಎರಡು ಮೂರು ದಿನ ಗೊತ್ತು ಮಾಡಿಕೊಳ್ಳಿ. ಅವರ ಹುಟ್ಟಿದ ದಿನ, ಮದುವೆಯ ದಿನ. ಹಾಗೆ ಮಾಡಿದರೂ ಒಂದಲ್ಲ ಒಂದು ದಿನ ಅದು ಬರೀ ಬಟ್ಟೆಯ ವಾಸನೆ ಆಗುತ್ತದೆ. ಇದನ್ನು ಮುಚ್ಚಿಟ್ಟು ನಿಮಗೆ ಸಮಾಧಾನ ಹೇಳಲಾರೆ. ಮಲ್ಲಿಗೆ ಹಾಗಲ್ಲ, ಮಳೆ ಮುಗಿದ ಮೇಲೆ ಮತ್ತೆ ಚಿಗುರಿ ಮೊಗ್ಗು ಬಿಡುತ್ತದೆ.

ಮಗಳ ಮೇಲೆ ಬೇಸರ ಬೇಡ. ಅಪ್ಪನ ಸಂಕಟ ನೋಡಲಾಗದೆ ಹೇಳಿದ ಮಾತು ಅದು. ಸತ್ತವರ ಹಂಗು ಹರಿದುಕೊಂಡರೆ ಮಾತ್ರ ದುಃಖ ಮುಗಿಯುತ್ತದೆ ಅಂತ ನಮ್ಮ ವೈದ್ಯರೂ ಬಹಳ ಕಾಲ ನಂಬಿದ್ದರು. 1990ರ ದಶಕದಿಂದ ಆ ಮಾತು ಬದಲಾಗುತ್ತಾ ಬಂತು. ಹೋದವರ ಜೊತೆ ಒಂದು ಬೇರೆ ರೀತಿಯ ನಂಟು ಇಟ್ಟುಕೊಂಡೇ ಬದುಕಬಹುದು ಅಂತ ಈಗ ಹೇಳುತ್ತೇವೆ. ತುಳುನಾಡಿನವರಿಗೆ ಇದನ್ನು ಹೇಳಿಕೊಡಬೇಕಾ? ನಾವು ಹೋದವರಿಗೆ ಅಗೆಲು ಬಡಿಸುವವರು. ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಗೆ ಹಾಕಿ, ಬಾಗಿಲು ಓರೆ ಮಾಡಿ, ಸ್ವಲ್ಪ ಹೊತ್ತು ಹೊರಗೆ ನಿಲ್ಲುವವರು. ಮಗಳು ಈ ಸಲ ಬಂದಾಗ ಅಮ್ಮ ಅಂದರೆ ಅವಳಿಗೆ ಯಾವ ಪರಿಮಳ ನೆನಪಾಗುತ್ತದೆ ಅಂತ ಕೇಳಿ. ಮಲ್ಲಿಗೆ ಅಲ್ಲದೆಯೂ ಇರಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ ದೀರ್ಘಕಾಲದ ದುಃಖಕ್ಕೆ ಪ್ರತ್ಯೇಕ ಹೆಸರೇ ಇದೆ. 6 ತಿಂಗಳಿಗಿಂತ ಜಾಸ್ತಿ ದಿನ, ಹೆಚ್ಚುಕಮ್ಮಿ ಪ್ರತಿದಿನ, ದಿನವಿಡೀ ಅದೇ ಹಂಬಲವಾಗಿ, ಊಟ, ಕೆಲಸ, ಜನ ಎಲ್ಲ ಬಿಟ್ಟುಹೋದರೆ ಅದಕ್ಕೆ ಚಿಕಿತ್ಸೆ ಬೇಕು. ನೀವು ಬಸ್ ಹತ್ತುತ್ತೀರಿ, ಕಾಗದ ಬರೆಯುತ್ತೀರಿ. ಅಷ್ಟು ದೂರ ಹೋದ ಹಾಗೆ ನನಗೆ ಕಾಣುವುದಿಲ್ಲ. ಆದರೂ ಬದುಕು ಸಾಕು ಅನ್ನಿಸಿದರೆ ಒಂದು ಗಳಿಗೆಯೂ ಕಾಯಬೇಡಿ. ಮನಸ್ಸಿನ ಕಷ್ಟಕ್ಕೆಂದೇ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ನಂಬರ್ 14416. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮಂಗಳೂರಿನಲ್ಲಿದ್ದೇನೆ, 39 ವರ್ಷ. ನನ್ನವರು ಹೋಗಿ 8 ತಿಂಗಳು. ಅವರು ಹಾಕುತ್ತಿದ್ದ ಅತ್ತರಿನ ಹೊಸ ಬಾಟಲಿ ತಂದು ದಿನಾ ರಾತ್ರಿ ತಲೆದಿಂಬಿಗೆ ಹಚ್ಚಿ ಮಲಗುತ್ತೇನೆ. ನಿದ್ದೆ ಬರುತ್ತದೆ. ಆದರೆ ಅವರ ನಿಜವಾದ ವಾಸನೆ ಹೇಗಿತ್ತು ಅಂತ ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಇಷ್ಟು ಬೇಗ ಮರೆತೆನಾ ಅಂತ ಅಳು ಬರುತ್ತದೆ.

ಉತ್ತರ: ಮರೆತಿಲ್ಲ, ತಂಗಿ. ವಾಸನೆಯನ್ನು ಬೇಕೆಂದಾಗ ಮನಸ್ಸಿಗೆ ತಂದುಕೊಳ್ಳುವುದು ಹೆಚ್ಚಿನವರಿಗೆ ಕಷ್ಟ. ಈಗ ಕಣ್ಣು ಮುಚ್ಚಿ ಅವರ ಮುಖ ನೆನೆಸಿಕೊಳ್ಳಿ, ಬರುತ್ತದೆ. ಹುರಿದ ಬಂಗುಡೆಯ ವಾಸನೆ ನೆನೆಸಿಕೊಳ್ಳಿ, ಮೀನು ಕಣ್ಣಿಗೆ ಕಾಣುತ್ತದೆ, ವಾಸನೆ ಬರುವುದಿಲ್ಲ. ಆದರೆ ಎದುರಿಗೆ ಬಂದರೆ ಕತ್ತಲೆಯಲ್ಲೂ ಗುರುತಿಸುತ್ತೀರಿ. ಅವರ ವಾಸನೆಯೂ ಹಾಗೆಯೇ ನಿಮ್ಮೊಳಗೆ ಇದೆ.

ತಲೆದಿಂಬಿಗೆ ಅತ್ತರು ಹಚ್ಚುವುದರಲ್ಲಿ ತಪ್ಪೇನಿಲ್ಲ. 2020ರಲ್ಲಿ ಕೆನಡಾದ ಸಂಶೋಧಕರು 155 ಜನರನ್ನು ಸಂಗಾತಿ ಹಾಕಿದ ಅಂಗಿಯ ವಾಸನೆಯ ಜೊತೆ ಮಲಗಿಸಿ ನೋಡಿದ್ದರು. ಆ ರಾತ್ರಿಗಳಲ್ಲಿ ನಿದ್ದೆ ಸ್ವಲ್ಪ ಚೆನ್ನಾಗಿತ್ತು. ಅವರ ಸಂಗಾತಿಗಳು ಬದುಕಿದ್ದವರು, ಅದು ಬೇರೆ ಮಾತು. ಆದರೂ ನಿಮಗೆ ನಿದ್ದೆ ಬರುವುದಕ್ಕೆ ಕಾರಣ ಇದೆ ಅಂತ ಗೊತ್ತಾಗುತ್ತದಲ್ಲ. ಒಂದನ್ನು ಮಾತ್ರ ಗಮನಿಸಿ. ದಿನಾ ಹಚ್ಚಿದರೆ ಆ ಅತ್ತರು ನಿಧಾನಕ್ಕೆ ಅವರ ನೆನಪಿಗಿಂತ ಈ ತಲೆದಿಂಬಿನ, ಈ 8 ತಿಂಗಳ ನೆನಪಾಗಬಹುದು. ನಿದ್ದೆ ಹಳಿಗೆ ಬಂದ ಮೇಲೆ ದಿನ ಬಿಟ್ಟು ದಿನ ಮಾಡಿ, ಆಮೇಲೆ ವಾರಕ್ಕೊಮ್ಮೆ.

ಅವರ ಹೆಲ್ಮೆಟ್, ವಾಚಿನ ಪಟ್ಟಿ, ಹಳೆಯ ಪರ್ಸು ಮನೆಯಲ್ಲಿದ್ದರೆ ಒರೆಸಿ ಇಡಬೇಡಿ. ಹೆಲ್ಮೆಟ್ಟಿನ ಒಳಗಿನ ಬಟ್ಟೆಯಲ್ಲಿ ಅತ್ತರಿಗಿಂತ ಜಾಸ್ತಿ ಅವರು ಇರುತ್ತಾರೆ. ಈಗಲೇ ಮೂಸಬೇಕೆಂದಿಲ್ಲ. ಒಂದು ಕವರಿನಲ್ಲಿ ಹಾಕಿ ಒಣಗಿದ ಜಾಗದಲ್ಲಿ ಇಡಿ.